ಕತ್ತರಿ ಗುರುತು

ದಾದರಿನ ಪಾರ್ಸಿ ಕಾಲನಿ, ಎರಡನೇ ಮಾಳಿಗೆ.
ಎರಚ್ ದುಬಾಶ್ ತೀರಿಕೊಂಡ ಮೇಲೆ
ಅವರ ಹನ್ನೊಂದು ಪೆಟ್ಟಿಗೆ ರೆಕಾರ್ಡಿಗೆ ಯಾದಿ ಬರೆಯುವುದು ನನ್ನ ಕೆಲಸ.
ದಿನಕ್ಕೆ ಆರುನೂರು ರೂಪಾಯಿ, ಮೇಲೆ ಪುದೀನಾ ಹಾಕಿದ ಚಹಾ.

ಒಂದೇ ಕೃತಿ, ಹಾಡಿದವರು ಮೂವರು ಹೆಂಗಸರು.
ಭಾಷೆ ಜರ್ಮನ್, ನನಗೆ ಬಾರದು.
ಜೊತೆಗಿದ್ದ ಸ್ವರಪುಸ್ತಕದಲ್ಲಿ ಪ್ರತಿ ಸ್ವರದ ಕಾಲಿಗೂ
ಒಂದೊಂದು ಕತ್ತರಿ ಗುರುತು.
‘ಹಾಡಬೇಡ ಅಂತ ಅದರರ್ಥ’ ಎಂದರು
ದುಬಾಶರ ತಂಗಿ ಖೊರ್ಶೆದ್, ಚಹಾ ಸೋಸುತ್ತ.
‘ಬರೀ ಮಾತೂ ಆಡಬೇಡ.
ಸ್ವರ ಮುಟ್ಟು, ಮುಟ್ಟಿದ ಕೈ ತೆಗೆ.’

ಮೊದಲನೆಯವಳು ಹೆದರಿದ್ದಾಳೆ, ಪೂರ್ತಿ ಹಾಡಿಯೇ ಬಿಟ್ಟಿದ್ದಾಳೆ,
ಒಂದೊಂದು ಸ್ವರಕ್ಕೂ ಇಸ್ತ್ರಿ.
ಎರಡನೆಯವಳು ಬರೇ ಆಡುತ್ತಾಳೆ,
ಕುರ್ಲಾ ಲೋಕಲ್ ಹತ್ತು ಮಿನಿಟು ತಡವೆಂದು
ಸ್ಟೇಶನ್ನಿನಲ್ಲಿ ಸಾರುವ ಹಾಗೆ.
ಮೂರನೆಯದು ಹಳೆಯ ತಟ್ಟೆ, ಅಂಚು ಒಡೆದದ್ದು.
ಚರಚರ ಸದ್ದಿನ ಹಿಂದೆ ಒಬ್ಬಳು,
ಮುದುಕಿಯೇ ಇರಬೇಕು,
ಸ್ವರದ ಹೊಸ್ತಿಲ ತನಕ ಬಂದು
ಒಳಗೆ ಕಾಲಿಡದೆ ಜಾರುತ್ತಾಳೆ.
ಅವಳು ಜಾರಿ ಹೋದ ಓಣಿ ನನಗೆ ಗೊತ್ತು.

ನಿಂಬೆವ್ವ ಚಿಗವ್ವ.
ಲಾಲಬಾಗಿನ ಚಾಳು, ನಳದ ಪಕ್ಕದ ಖೋಲಿ.
ಮಿಲ್ಲಿನಿಂದ ಚಂದ್ರಾಮ ಕಾಕಾನ ಹೆಣ ಬಂದ ರಾತ್ರಿ
ಹಾಡ್ಯಾಡಿಕೊಂಡು ಅತ್ತಳು, ನಮ್ಮ ಸಿಂದಗಿ ಕಡೆ ಅಳುವ ಹಾಗೆ:
ಅವನ ಡಬ್ಬಿ, ಅವನ ರಾತ್ರಿ ಪಾಳಿ,
ಅವನು ಕಟ್ಟದೆ ಉಳಿಸಿದ ಭಿಸಿಯ ಎರಡು ಕಂತು,
ಒಂದೊಂದನ್ನೂ ಹೆಸರು ಹಿಡಿದು ಏರಿಸಿ
‘ನನ್ನ ದೊರಿಯೇ’ ಅನ್ನುವಲ್ಲಿ ಕೈಬಿಟ್ಟು.

ಎದುರು ಖೋಲಿಯ ಸಾವಂತಬಾಯಿ ಬಾಗಿಲಿಗೆ ಬಂದು
ನನ್ನನ್ನು ಕೇಳಿದರು:
ಹಾಡುತ್ತಿದ್ದಾಳೋ, ಅಳುತ್ತಿದ್ದಾಳೋ?
ನನಗೆ ಒಂಬತ್ತು ವರ್ಷ. ನಾಚಿಕೆಯಾಯಿತು.
ಅವರ ಮರಾಠಿಯಲ್ಲೇ ‘ರಡತೆ’ ಎಂದೆ.
ಅರ್ಧ ಸುಳ್ಳು.

ಯಾದಿಯಲ್ಲಿ ‘ಶೈಲಿ’ ಎಂದೊಂದು ಕಾಲಮ್ಮು.
ಮೊದಲನೆಯದಕ್ಕೆ ಗಾಯನ. ಎರಡನೆಯದಕ್ಕೆ ವಾಚನ.
ಮೂರನೆಯದಕ್ಕೆ ಪೆನ್ನು ಎತ್ತಿ ಕೂತಿದ್ದೇನೆ.
ಸೂಜಿ ಕೊನೆಯ ಗೆರೆಯಲ್ಲೇ ಸುತ್ತುತ್ತಿದೆ.
ಕೆಳಗೆ ಪಾವ್ ಮಾರುವವನು ಸೈಕಲ್ಲಿನ ಹಾರ್ನು ಒತ್ತಿ
ತನ್ನ ಸರಕಿನ ಹೆಸರನ್ನು ಅರ್ಧ ನುಂಗಿ ಕೂಗುತ್ತಾನೆ,
ಉಳಿದರ್ಧ ಕೊಳ್ಳುವವರಿಗೆ ಗೊತ್ತು.

‘ಲಾಲಬಾಗ’ ಎಂದು ಬರೆದೆ.
ಹೊಡೆದುಹಾಕಿದೆ.
ಮತ್ತೊಮ್ಮೆ ಹಚ್ಚಲೇ, ಕೇಳುತ್ತಾರೆ ಖೊರ್ಶೆದ್,
ಚಹಾ ಆರಿತಲ್ಲ ನಿನ್ನದು.