ನಲವತ್ತೊಂಬತ್ತು ಪೌಂಡು

ಗ್ಲೆಂಡೈವ್ ಊರಿನ ಮೋಟೆಲಿನಲ್ಲಿ
ಗಾಜಿನ ಹಿಂದೆ ಕೂತ ಹುಡುಗ ಕೇಳಿದ: ತೂಕ ಎಷ್ಟು?
ನನ್ನದಾ, ಅಂದೆ. ಅವನು ನಗಲಿಲ್ಲ.
ಐವತ್ತು ಪೌಂಡು ದಾಟಿದ ನಾಯಿಗೆ ಕೋಣೆಯಿಲ್ಲ
ಎಂಬ ಹಲಗೆ ಅವನ ತಲೆಯ ಮೇಲೇ ನೇತಾಡುತ್ತಿತ್ತು.
ನಲವತ್ತೊಂಬತ್ತು, ಅಂದೆ.
ಎಪ್ಪತ್ತೆರಡು ತೂಗುವ ಗಸ್
ಕೌಂಟರಿನ ಬುಡದಲ್ಲಿ ಹೊಟ್ಟೆ ಒಳಗೆಳೆದುಕೊಂಡು ಮಲಗಿತು.
ಸುಳ್ಳಿಗೆ ಇಷ್ಟು ಬೇಗ ಜೊತೆ ಕೊಡುವ ಜೀವವನ್ನು
ನಾನು ಕಂಡದ್ದಿಲ್ಲ, ನಮ್ಮಣ್ಣನೊಬ್ಬನನ್ನು ಬಿಟ್ಟರೆ.

ಅವನದೇ ನಾಯಿ ಇದು.
ಆರಿನ್ ಮಾರ್ಚಿನಲ್ಲಿ ಹೋದ. ನೆಲ ಇನ್ನೂ ಹೆಪ್ಪುಗಟ್ಟಿತ್ತು,
ಮಣ್ಣು ಮಾಡಲು ಏಪ್ರಿಲ್ ತನಕ ಕಾದೆವು.
ದೋಣಿ ಪಕ್ಕದ ಮನೆಗೆ, ಹತಾರಗಳು ಚರ್ಚಿಗೆ,
ನಾಯಿ ಸ್ಪೋಕೇನಿನ ವರ್ನ್‌ಗೆ, ಅವನ ಜೊತೆ ಸೈನ್ಯದಲ್ಲಿದ್ದವನಿಗೆ.
ನನಗೆ ಬಿಟ್ಟದ್ದು ಒಂದೇ ಮಾತು: ತಲುಪಿಸು.

ಹಾಗಾಗಿ ಮಿನೆಸೋಟಾದಿಂದ ಹೊರಟೆವು.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಐವತ್ತರ ಮೇಲೆ ಕಾಲು ಒತ್ತುವುದಿಲ್ಲ.
ಲಾರಿಗಳು ಬೈಯುತ್ತ ದಾಟಿ ಹೋಗುತ್ತವೆ,
ಗಸ್ ಹಿಂದಿನ ಸೀಟಿನಿಂದ ಒಂದೊಂದನ್ನೂ ಬೀಳ್ಕೊಡುತ್ತದೆ.

ಎಲ್ಲ ಮೋಟೆಲಿನಲ್ಲೂ ಒಂದು ಫಾರಂ.
ಮಾಲೀಕರ ಹೆಸರು: ಆರಿನ್ ಟ್ವೇಟ್, ಎಂದು ಬರೆಯುತ್ತೇನೆ.
ಸತ್ತವನ ಲೆಕ್ಕಕ್ಕೆ ರಾತ್ರಿಗೆ ಇಪ್ಪತ್ತೈದು ಡಾಲರ್.
ಅದಕ್ಕೆ ಪ್ರತಿಯಾಗಿ ಅವರು ಕೊಡುವುದು
‘ನಾಯಿಗೆ’ ಎಂದು ಮಸಿಯಲ್ಲಿ ಬರೆದ ಹಳೆಯ ಟವೆಲು,
ಮೂಳೆಯಾಕಾರದ ಎರಡು ಬಿಸ್ಕತ್ತು.
ಒಂದನ್ನು ಕಚ್ಚಿ ನೋಡಿದೆ. ಉಪ್ಪಿಲ್ಲ.

ರಾತ್ರಿ ಹಿತ್ತಲಿನ ಹುಲ್ಲಿನಲ್ಲಿ
ಎಣ್ಣೆ ಬಾವಿಯ ಕೆಲಸದವನೊಬ್ಬ, ಬಾಗಿಲಷ್ಟು ಅಗಲದ ಆಳು,
ಅಂಗೈಯಗಲದ ನಾಯಿಯನ್ನು ಜಾಕೆಟ್ಟಿನೊಳಗಿಂದ ತೆಗೆದು ಕೆಳಗಿಟ್ಟ.
ಹೆಸರೇನು? ಗಸ್. ನಿಮ್ಮದು? ಪೀಚಸ್.
ಹತ್ತು ನಿಮಿಷ ನಿಂತು ಮಾತಾಡಿದೆವು,
ಅವನ ಹೆಂಡತಿ ಬಿಟ್ಟು ಹೋದದ್ದರ ತನಕ.
ಅವನ ಹೆಸರು ನಾನು ಕೇಳಲಿಲ್ಲ, ಅವನೂ ನನ್ನದನ್ನು ಕೇಳಲಿಲ್ಲ.

ಮಿಸೂಲಾದ ಹೊಳೆದಂಡೆಯ ಪಾರ್ಕಿನಲ್ಲಿ
‘ಕರೆದರೆ ಬರುವ ನಾಯಿಗಳಿಗೆ ಮಾತ್ರ’ ಎಂದಿತ್ತು.
ಇದು ಬರುತ್ತದೋ ಇಲ್ಲವೋ, ನಾನೆಂದೂ ಕರೆದವಳೇ ಅಲ್ಲ.
ಹಗ್ಗ ಬಿಚ್ಚಿದೆ.
ಬಾತುಕೋಳಿಯೊಂದು ಎದ್ದಿತು, ಅಷ್ಟೇ,
ಪೊದೆಗಳಾಚೆ ಕರಿಬಾಲದ ತುದಿ, ಆಮೇಲೆ ಅದೂ ಇಲ್ಲ.

ಅಣ್ಣ ಎರಡು ಬೆರಳಿಟ್ಟು ಸಿಳ್ಳೆ ಹಾಕುತ್ತಿದ್ದ,
ಕೆರೆಯ ಆಚೆ ದಡಕ್ಕೂ ಕೇಳುವಂತೆ.
ನನ್ನದು ಕಟ್ಟಿಸಿದ ಹಲ್ಲು. ಊದಿದರೆ ಬರೀ ಗಾಳಿ.
ಗಸ್, ಗಸ್, ಎಂದು ಗಂಟಲು ಹರಿದುಕೊಂಡೆ.
ಯಾರದೋ ಬೇರೆ ಗಸ್ ಬಂದು
ನನ್ನ ಮೊಣಕಾಲು ಮೂಸಿ ನಿರಾಶೆಯಿಂದ ಹೊರಟಿತು.

ನೀರು ಜೋರಾಗಿ ಹರಿಯುತ್ತಿತ್ತು. ವರ್ನ್‌ಗೆ ಏನು ಹೇಳಲಿ.
ಕಾಲು ತಾನಾಗಿ ಕಾರಿನ ಕಡೆ ನಡೆಯಿತು,
ಕೈ ತಾನಾಗಿ ಹಾರನ್ನು ಒತ್ತಿತು:
ಗಿಡ್ಡ, ಗಿಡ್ಡ, ಉದ್ದ.
ಚಳಿಯ ಕತ್ತಲಲ್ಲಿ ಹಾಲ್ವರ್ಸನ್ನರ ಗೇಟಿನೆದುರು
ಮಕ್ಕಳಿನ್ನೂ ಬೂಟು ಹುಡುಕುತ್ತಿರುವಾಗ
ದಿನವೂ ಹಾಕುತ್ತಿದ್ದ ಹಾರನ್ನು.
ಪಾರ್ಕಿನ ಜನವೆಲ್ಲ ತಿರುಗಿ ನೋಡಿದರು.
ಗಿಡ್ಡ, ಗಿಡ್ಡ, ಉದ್ದ.

ಪೊದೆ ಸರಿಯಿತು.
ಬಂದ. ಮೈಯೆಲ್ಲ ಕೆಸರು, ಒಂದು ಕಿವಿ ಮಗುಚಿಕೊಂಡು,
ಬಸ್ಸು ತಪ್ಪೀತೆಂದು ಲೇಸು ಕಟ್ಟದೆ ಓಡಿಬರುವ ಹುಡುಗನಂತೆ ಬಂದ,
ತೆರೆದ ಬಾಗಿಲಿನಿಂದ ಹಾರಿ
ಆರಿನ್ ಎಂದೂ ಕೂರಲು ಬಿಡದ ಮುಂದಿನ ಸೀಟಿನಲ್ಲಿ ಕೂತ.
ಬೈಯಬೇಕೆಂದಿದ್ದೆ. ಸೀಟ್‌ಬೆಲ್ಟ್ ಹಾಕಿದೆ.

ಅವತ್ತಿನ ಮೋಟೆಲಿನ ಹುಡುಗಿ ಮೂಗು ಮುರಿದಳು.
ತೂಕ? ಎಪ್ಪತ್ತೆರಡು, ಅಂದೆ, ಕೆಸರು ಬಿಟ್ಟು.
ಇರಲಿ, ಮಂಚದ ಮೇಲೆ ಮಾತ್ರ ಬೇಡ, ಅಂದಳು.
ಮಾಲೀಕರ ಹೆಸರಿನೆದುರು ‘ಟ್ವೇಟ್’ ಎಂದಷ್ಟೇ ಬರೆದು
ಪೆನ್ನು ಮುಚ್ಚಿದೆ.

ಬೆಳಿಗ್ಗೆ ಅಂಟುಪಟ್ಟಿಯಿಂದ
ಹೊದಿಕೆಯ ಕರಿಕೂದಲನ್ನು ಒಂದೊಂದಾಗಿ ಎತ್ತುತ್ತಿದ್ದೇನೆ.
ಅವನು ಬಾಗಿಲ ಬಳಿ, ಏನೂ ಅರಿಯದ ಮುಖ.
ಸ್ಪೋಕೇನಿಗೆ ಇನ್ನೂರು ಮೈಲಿ.
ಹೇಳಿದೆನಲ್ಲ, ನಾನು ನಿಧಾನಕ್ಕೆ ಓಡಿಸುವವಳು.