ಅಳತೆ ಚೀಟಿ

ಬ್ಲೌಸಿಗೆ ಅಳತೆ ತೆಗೆಯುವ ಟೇಪು ಇದು.
ಮೊದಲ ಎರಡಿಂಚು ಸವೆದು ಬರೀ ಬಟ್ಟೆ,
ಮೂರರಿಂದ ಎಣಿಸುವುದು ನನಗೆ ರೂಢಿ.
ಇವತ್ತು ಅದನ್ನೇ ಬಚ್ಚಲಿಗೆ ಹಿಡಿದೆ.
ಅಗಲ ಮೂವತ್ತು. ಉದ್ದ ಮೂವತ್ತೆಂಟು.
ಇನ್ನೊಮ್ಮೆ ಹಿಡಿದೆ. ಗೋಡೆಯೇನು
ಉಸಿರು ಬಿಗಿಹಿಡಿದು ಅರ್ಧ ಇಂಚು ಕೊಡುತ್ತದೆಯೇ?

ಮೊದಲು ಇದು ಒಂದೇ ಬಚ್ಚಲು, ಓಣಿಯ ಹಾಗೆ ಉದ್ದಕ್ಕೆ.
ಭಾಗವಾದಾಗ ಹಿರಿಯರು ಕೂತು
ಪಡಸಾಲೆ ಹಂಚಿದರು, ಅಟ್ಟ ಹಂಚಿದರು,
ರಾಗಿಕಲ್ಲು ಅಣ್ಣನಿಗೆ, ಒರಳು ತಮ್ಮನಿಗೆ,
ಬಚ್ಚಲ ಹತ್ತಿರ ಬಂದು ತಲೆ ಕೆರೆದುಕೊಂಡು
ನಟ್ಟನಡುವೆ ಗೋಡೆ ಎಬ್ಬಿಸಿಬಿಟ್ಟರು.
ಹಿತ್ತಲ ಕಕ್ಕಸು ಮಾತ್ರ ಜಂಟಿ,
ಒಂದು ಬೀಗ, ಎರಡು ಕೀಲಿಕೈ,
ಬೆಳಿಗ್ಗೆ ಆರರ ತನಕ ಅವರು, ಆಮೇಲೆ ನಾವು.
ಆರು ವರ್ಷ.
ಆಚೆ ಭಾವ ಕ್ಯಾಕರಿಸಿದರೆ
ಈಚೆ ಸೋಪಿನ ಡಬ್ಬಿ ಅಲ್ಲಾಡುತ್ತದೆ.
ಮಾತು ಒಂದೂ ದಾಟಿಲ್ಲ.

ಟೊಮೆಟೊ ಕ್ರೇಟಿನ ಜೊತೆ ಗಾಡಿಯಿಂದ ಬಿದ್ದು
ಇವರ ಕಾಲಿಗೆ ರಾಡು ಬಂದ ಮೇಲೆ
ಕುಕ್ಕರುಗಾಲು ಮುಗಿದ ಕಥೆ.

ಚಿಂತಾಮಣಿಯ ಚೇಳೂರು ರಸ್ತೆಯ ಅಂಗಡಿಯಲ್ಲಿ
ಸಾಲಾಗಿ ಕೂತಿದ್ದವು, ಬಾಯಿ ತೆರೆದು, ಬೆಳ್ಳಗೆ,
ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹಾಗೆ.
ಗೋಡೆಗೆ ನೇತುಹಾಕುವುದು ಚೆಂದ ಕಂಡಿತು.
"ಅದಕ್ಕೆ ಗೋಡೆ ಗಟ್ಟಿ ಇರಬೇಕಮ್ಮ" ಎಂದ ಹುಡುಗ ಚಲಪತಿ.
ನಮ್ಮದು ನಾಲ್ಕೂವರೆ ಇಂಚು, ಅದೂ ಜಗಳದ್ದು.
"ಪೈಪು ಹಿಂದಕ್ಕೆ ಹೋಗಬೇಕಾ, ಕೆಳಕ್ಕಾ?"
ಹಿಂದೆ ಯಾರಿದ್ದಾರೆಂದು ಅವನಿಗೇನು ಗೊತ್ತು.
ಕೆಳಕ್ಕೆ, ಎಂದೆ.

ಇಪ್ಪತ್ತೇಳಿಂಚಿನದು ಇವರಿಗೆ ಹಿಡಿಸಿತು. ಗತ್ತಾಗಿದೆಯಂತೆ.
"ಗತ್ತು ಸರಿ, ಕಾಲು ಎಲ್ಲಿ ಚಾಚ್ತೀರ?"
ಅಂಗಡಿಯ ನಡುವೆ ನೆರಿಗೆ ಸರಿಮಾಡಿಕೊಂಡು
ನಾನೇ ಕೂತುಬಿಟ್ಟೆ.
ಚಲಪತಿ ಒಂದು ರಟ್ಟು ಹಿಡಿದು ಬಾಗಿಲಾದ.
ಇವರು ಯಾರ ಮನೆಯವರೋ ಎಂಬಂತೆ
ನಲ್ಲಿಗಳನ್ನು ನೋಡುತ್ತ ನಿಂತರು.
ದೊಡ್ಡದರಲ್ಲಿ ಮಂಡಿಗೂ ರಟ್ಟಿಗೂ ನಾಲ್ಕು ಬೆರಳು,
ಇಪ್ಪತ್ತೊಂದರದ್ದರಲ್ಲಿ ಒಂದು ಗೇಣು.
ಬಟ್ಟೆಯಾದರೆ ಒಳಗೆ ಒಂದಿಂಚು ಮಡಚಿ ಹೊಲಿಯುತ್ತೇನೆ,
ಮೈ ಬಂದಾಗ ಬಿಚ್ಚಿಕೊಳ್ಳಲಿ ಎಂದು.
ಪಿಂಗಾಣಿಗೆ ಆ ಸೌಲಭ್ಯ ಇಲ್ಲ.

ಅಷ್ಟರಲ್ಲಿ ಗಲ್ಲದಿಂದ ಸಾಹುಕಾರರು:
"ಮೂವತ್ತು, ಮೂವತ್ತೆಂಟಾ?
ಹೋದ ಸೋಮವಾರ ಒಬ್ಬಮ್ಮ ಇದೇ ಚೀಟಿ ತಂದಿದ್ರು.
ಅವರೂ ಹಿಂಗೇ ಕೂತು ನೋಡಿದ್ರು."

ಇವರ ಕತ್ತು ನಲ್ಲಿಯಿಂದ ತಿರುಗಲಿಲ್ಲ.
ನನ್ನ ಪುಸ್ತಕದಲ್ಲಿ ಇನ್ನೂ ಇದೆ
ಮುನಿಲಕ್ಷ್ಮಕ್ಕನ ಅಳತೆ. ಎದೆ ಮೂವತ್ತಾರು,
ತೋಳು ಹತ್ತು, ಬೆನ್ನು ಆಳ ಬೇಡ.
ಈಗ ಯಾರ ಹತ್ತಿರ ಹೊಲಿಸುತ್ತಾಳೋ.
"ಅವರು ಒಯ್ದದ್ದೇ ಕೊಡಿ" ಎಂದೆ.

ಬಾಬಾಜಾನ್ ಬಂದು ನೆಲ ಅಗೆದ. ನಕ್ಕ.
"ಕೆಳಗೆ ಪೈಪು ಒಂದೇ ಕಣಮ್ಮ. ಚೇಂಬರೂ ಒಂದೇ."
ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದ,
ನನ್ನ ಮಿಷನ್ನು ಕಿಟಕಿಯ ಕಡೆಗೆ ಹೋಯಿತು.
ಅಲ್ಲಿ ಬೆಳಕು ಚೆನ್ನಾಗಿದೆ, ಇಷ್ಟು ದಿನ ತೋಚಿರಲಿಲ್ಲ.

ರಾತ್ರಿ ಎದ್ದು ಗುಂಡಿ ಒತ್ತಿದೆ.
ನೀರು ಒಂದು ಗೊರಕೆ ಹೊಡೆದು ಸುಮ್ಮನಾಯಿತು.
ತುಂಬಲೆಂದು ಕಾದು ಮತ್ತೆ ಒತ್ತಿದೆ. ಅಷ್ಟೇ.
ಮೂರನೆಯ ಸಲಕ್ಕೆ
ಇಟ್ಟಿಗೆಯ ಆಚೆಯಿಂದ ನಿದ್ದೆಗಣ್ಣಿನ ದನಿ:
"ದೊಡ್ಡ ಗುಂಡಿ ಒತ್ತೇ ಸುಗುಣಿ,
ಚಿಕ್ಕದರಲ್ಲಿ ಹೋಗಲ್ಲ."

ಒತ್ತಿದೆ.
ಹೂಂ ಅಕ್ಕ, ಎಂದದ್ದು
ಆ ನೀರಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.