ತೂತಿನ ರಟ್ಟಿನ ಸಾಲಿ

ಬನಹಟ್ಟ್ಯಾಗ ಹಾಳಿ ಸಿಗದಿದ್ರ ಏನಾತು,
ನಮ್ಮ ಅಟ್ಟದ ಮ್ಯಾಗ ಜಕಾರ್ಡಿನ ಹಳೇ ರಟ್ಟು ಹೊರಿಗಟ್ಲೆ ಅದಾವ.
ಅಕ್ಕ ದಾನೇಶ್ವರಿ ಅವನ್ನ ಇಳಿಸಿ, ಧೂಳ ಝಾಡಿಸಿ
ಒಂದೊಂದು ರಟ್ಟಿಗಿ ಒಂದೊಂದು ಚಿತ್ರ ಬರದಳು.
ತೂತು ಮೊದಲೇ ಇದ್ದೂವು, ಅವಕ್ಕ ಚುಕ್ಕಿ ಅಂತ ಹೆಸರಿಟ್ಟಳು.
ದಾರ ಬಿಚ್ಚಿ, ಕತಿಗಿ ಬೇಕಾದಂಗ ಹಿಂದ ಮುಂದ ಹೊಲದಳು.
ಅದಕ್ಕ ಪುಸ್ತಕ ಅಂದ್ಲು.

ಕತಿ ಏನಂದ್ರ:
ಸರಕಾರಿ ಹಿರಿಯ ಪ್ರಾಥಮಿಕ ಅಂತರಿಕ್ಷ ಶಾಲೆ,
ಚಂದ್ರನ ಹಿತ್ತಲ ಓಣಿ. ನಳ ಇಲ್ಲ.
ಸಾಲಿ ಬಸ್ಸು ಅಂದ್ರ ಲಾಳಿ,
ಎರಡೂ ಕಡಿ ಚೂಪು, ಹೊಟ್ಟ್ಯಾಗ ಕಂಡಿಕಿ,
ದಾರ ಬಿಟ್ಕೋಂತ ಹೋಗತೈತಿ
ಸಂಜೀಕ ಹುಡುಗೂರು ಅದನ್ನ ಹಿಡಕೊಂಡು ಮನಿಗಿ ಬರಲಿ ಅಂತ.

ಅಲ್ಲೆ ಮಾಸ್ತರ "ಕೆಳಗ ಕೂಡ್ರೋ" ಅಂದ್ರ
"ಕೆಳಗ ಅಂದ್ರ ಯಾ ಕಡಿ ಸರ?" ಅಂತ ಕೇಳಬೇಕು.
ಬೆಂಚ ಹತ್ತಸೂ ಶಿಕ್ಷೆ ನಡಿಯೂದಿಲ್ಲ,
ಹತ್ತಿದಾಂವ ಹಂಗ ಮ್ಯಾಲಕ್ಕೆದ್ದು
ಮಾಡಿನ ಹಲ್ಲೀನ ಮಾತಾಡಸ್ತಾನ.
ಬಿಸಿಯೂಟದ ಸಾಂಬಾರ ಗೋಲಿಯಾಗಿ ತೇಲತೈತಿ,
ಬಾಯಿ ತಕ್ಕೊಂಡು ಬೆನ್ನ ಹತ್ತಬೇಕು.
ಅಡಗಿ ಶಿವಗಂಗವ್ವ ಸೌಟು ಹಿಡಕೊಂಡು
ಶನಿಯ ಉಂಗುರದ ತನಕ ಹೋಗಿ ಬಂದಾಳ,
ಒಂದ ಒಂದು ಬ್ಯಾಳಿ ಸಲುವಾಗಿ.

ಮಾನಿಟರ್ ನಾನು. ಖುಷಿ ಪಡಬ್ಯಾಡ್ರಿ,
ನನಗ ಆರು ಕಿವಿ ಬರದಾಳ.
ಯಾಕ ಅಂದ್ರ, "ಎರಡರಲೆ ನಿನಗೇನೂ ಕೇಳಸೂದಿಲ್ಲಲ್ಲ" ಅಂತಾಳ.

ಕೇಳಸೂದರ ಹೆಂಗ, ಹೇಳ್ರಿ?
ನಮ್ಮನ್ಯಾಗ ಎಂಟು ಮಗ್ಗ. ಖಟಕ್ ಖಟಕ್ ಖಟಕ್.
ಉಪ್ಪು ಬೇಕಂದ್ರೂ ಒದರಬೇಕು.
ಹುಟ್ಟುಹಬ್ಬದ ಹಾಡೂ ಬೈದಂಗ ಕೇಳತೈತಿ.
ಅಪ್ಪ ಅವ್ವ ಜಗಳಾನೂ ಕೈಸನ್ನಿಲೆ ಆಡ್ತಾರ.
ಅದಕ್ಕ ಅಕ್ಕ ಆಕಾಶ ಆರಿಸಿಕೊಂಡಾಳ.
"ಅಲ್ಲೆ ಗಾಳಿ ಇಲ್ಲ, ಸಪ್ಪಳ ಹಾಯೂದಿಲ್ಲ.
ಮಾತನ್ನ ಪುಗ್ಗಾದಾಗ ಬರದು ತೇಲಿಬಿಡೂದು,
ಬೇಕಾದಾಂವ ಓದ್ಕೋತಾನ."

ಇದ್ದ ಚುಕ್ಕಿ ಆಕಿಗಿ ಸಾಲಲಿಲ್ಲ.
ದಬ್ಬಣದಲೆ ಹೊಸಾವು ಹಾಕಿದ್ಲು:
ಹಾಜರಿ ಪುಸ್ತಕಕ್ಕ ಮೂವತ್ತೊಂದು,
ನನ್ನ ಕಿವಿಗಿ ಒಂದೊಂದು,
ಧೂಮಕೇತುವಿನ ಬಾಲಕ್ಕ ಲೆಕ್ಕಿಲ್ಲ.

ಬಸಲಿಂಗ ಕಾಕಾಗ ಚಾಳೀಸು ಬ್ಯಾಡಂತ ಹಟ.
ಕರೆಂಟು ಬಂತಂತ ಓಡಿ ಬಂದು
ನವಿಲಿನ ರಟ್ಟು ಅಂತ ತಿಳದು
ಅಂತರಿಕ್ಷ ಶಾಲೇನ ಮಗ್ಗಕ್ಕ ಏರಿಸಿಬಿಟ್ಟ.
ಮಗ್ಗಕ್ಕ ಚಿತ್ರ ಕಾಣೂದಿಲ್ಲ,
ತೂತು ಅಷ್ಟ ಓದಾಕ ಬರತೈತಿ.
ಒಂದೂವರಿ ಸೀರಿ ಆಗೂತನಕ ಯಾರಿಗೂ ಗೊತ್ತಾಗಲಿಲ್ಲ.
ಆಮ್ಯಾಲ ಅಪ್ಪ ಒದರಿದ.
ಏನಂತ ಕೇಳಸಲಿಲ್ಲ.
ಬಾಯಿ ಮುಂದ ಪುಗ್ಗಾ ಇರಲಿಲ್ಲ, ಚಲೋ ಆತು.

ಸಾವಕಾರ ಸೆರಗು ಬಿಚ್ಚಿ
"ಏನೋ ಕಾಡಪ್ಪಾ, ಸೀರಿಗಿ ದಡಾರ ಎದ್ದಾವೇನೋ?" ಅಂದು ಎಸದ.
ಕಡೀಕ ಅರ್ಧಾ ರೇಟಿಗಿ
ಉಮರಾಣಿ ಅಕ್ಕೋರು ತಗೊಂಡ್ರು.

ಸೋಮವಾರ.
ಐದನೇತ್ತೆ, ಏಳನೇತ್ತೆ ಕೂಡೇ ಒಂದು ಖೋಲಿ.
ದಶಾಂಶ ಬರಿಯಾಕ ಅಕ್ಕೋರು ಬೋರ್ಡಿನ ಕಡಿ ಹೊಳ್ಳಿದ್ರು.
ಬೆನ್ನ ಮ್ಯಾಲ ನಮ್ಮ ಸಾಲಿ!
ಉಳದವ್ರಿಗಿ ಬರೇ ಚುಕ್ಕಿ.
ಅಕ್ಕನ ತುಟಿ ಮಾತ್ರ ಅಳ್ಳಾಡತಿದ್ದೂವು, ಓದಾಕತ್ತಿದ್ಲು.
ನನಗೊಂದು ಚೀಟಿ ಬಂತು, ಅದರಾಗ ಪುಗ್ಗಾ, ಪುಗ್ಗಾದಾಗ:
"ಎಡ ಭುಜದ ಹತ್ರ ನೋಡು. ನಿನ್ನ ಕಿವಿ.
ಐದ ಕಾಣ್ತಾವ. ಒಂದು ಪಿನ್ನಿನ ಬುಡಕ ಸಿಕ್ಕೈತಿ."

ನಾ ತಡಕೊಂಡೆ. ಆಕಿ ಕಿಸಕ್ಕಂತ ನಕ್ಕಳು.
"ದಾನೇಶ್ವರೀ, ದಶಾಂಶದಾಗ ನಗೂವಂಥಾದ್ದೇನೈತಿ? ಹತ್ತು ಬೆಂಚ."

ಹತ್ತಿದ್ಲು.
ನಾ ಬಗ್ಗಿ ನೋಡೀನಿ, ಆಣಿ ಮಾಡಿ ಹೇಳ್ತೀನಿ,
ಬೆಂಚಿಗೂ ಆಕಿ ಪಾದಕ್ಕೂ ನಡುವ
ಒಂದು ರಟ್ಟು ತೂರುವಷ್ಟು
ಜಾಗಾ ಇತ್ತು.